ಎತ್ತು ಬರುವ ಬಂಡೆ

ಕಣ್ಣಿನ ವಿಷಯದಲ್ಲಿ ರಂಗರಾಜುವಿನ ಮಾತಿಗೆ ಊರಿನಲ್ಲಿ ಎಷ್ಟು ಬೆಲೆ ಎಂಬುದು ಒಂದೇ ಸಂಜೆಯಲ್ಲಿ ತೀರ್ಮಾನವಾಗಿ ಹೋಯಿತು. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿರುವ ಒಂದು ಕನ್ನಡಕದ ಅಂಗಡಿಯಲ್ಲಿ ಅವನಿಗೆ ಕೆಲಸ. ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಗಿರಾಕಿಯ ಮೂಗಿನ ಮೇಲಿಟ್ಟು "ಈಗ ಹೆಂಗ್ ಕಾಣ್ತದೆ?" ಎಂದು ಕೇಳುವುದು. ಅಷ್ಟಕ್ಕೇ ತೆರಕಣಾಂಬಿಯಿಂದ ಎರಡು ಮೈಲಿ ಒಳಗಿರುವ ಅವನ ಊರಿನವರು ಅವನನ್ನು ಕಣ್ಣಿನ ಡಾಕ್ಟರು ಎನ್ನುತ್ತಿದ್ದರು. ಅವನೂ ಬೇಡ ಎನ್ನುತ್ತಿರಲಿಲ್ಲ. ಸಂಬಳ ಏರದಿದ್ದರೂ ಪದವಿ ಏರಿದರೆ ಯಾರಿಗೆ ಬೇಜಾರು?

ಆ ಸಂಜೆ ತುಂತುರು ಮಳೆ. ಟಿವಿಎಸ್ ಓಡಿಸಿಕೊಂಡು ಊರಿಗೆ ಬರುತ್ತಿದ್ದವನ ಕನ್ನಡಕದ ಮೇಲೆ ನೀರು ಕೂತು ದಾರಿಯೇ ಕಾಣದಾಯಿತು. ತೆಗೆದು ಜೇಬಿಗೆ ಹಾಕಿಕೊಂಡ. ಹೊಲದ ತಿರುವಿನಲ್ಲಿ ಆನೆ ನಿಂತಿತ್ತು. ಕಿವಿಯನ್ನೂ ಆಡಿಸುತ್ತಿತ್ತು. ಗಾಡಿಯನ್ನು ಇದ್ದಲ್ಲೇ ಮಲಗಿಸಿ ಓಡಿದ. ಅವನ ಕೂಗಿಗೆ ಊರಿನ ಗಂಡಸರು ತಮಟೆ, ಪಟಾಕಿ ಹಿಡಿದು ಹೋಗಿ ನೋಡಿದರೆ ಟಿವಿಎಸ್ ಇನ್ನೂ ಗುರುಗುಟ್ಟುತ್ತ ಮಲಗಿದೆ. ಅದರ ಎದುರಿಗೆ ರಂಗರಾಜು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಬಂಡೆ, ಬಂಡೆಯ ಮಗ್ಗುಲಲ್ಲಿ ಗಾಳಿಗೆ ಅಲ್ಲಾಡುವ ಲಂಟಾನ ಪೊದೆ. ಅಂದಿನಿಂದ ಅವನು ಆನೆ ಡಾಕ್ಟರು.

ನಗದೇ ಇದ್ದವಳು ಅವನ ದೊಡ್ಡವ್ವ ದೊಡ್ಡಮಾದಮ್ಮ ಒಬ್ಬಳೇ. "ಕಲ್ಲ ಆನೆ ಅಂದ್ಕಂಡ್ರೆ ಊರೋರು ನಗ್ತಾರ, ಅಷ್ಟೇಯ. ಆನೆಯ ಕಲ್ಲು ಅಂದ್ಕಂಡಿದ್ರೆ ಈ ನಗ ಕೇಳಕ್ಕೆ ನೀನೇ ಇರ್ತಿರ್ನಿಲ್ಲ ಕಣ್ಲಾ. ಓಡೋಗಿದ್ದೇ ಸರಿ ಬುಡು" ಎಂದಳು.

ಆಕೆಗೆ ಹಾಗೆ ಹೇಳುವ ಹಕ್ಕಿತ್ತು. ಇಲ್ಲದ್ದನ್ನು ಕಾಣುವುದರಲ್ಲಿ ಆಕೆಯನ್ನು ಮೀರಿಸಿದವರು ಆ ಸುತ್ತಿನಲ್ಲಿರಲಿಲ್ಲ. ಅರಿಶಿನ ಬೇಯಿಸುವ ಕಾಲಕ್ಕೆ ಕೊಂಬುಗಳ ರಾಶಿಯ ಮುಂದೆ ಕೂತರೆ, ಕೈ ಬೇರು ಕೀಳುತ್ತಿದ್ದಂತೆಯೇ ಕಣ್ಣು ಬೇರೆ ಕೆಲಸ ಮಾಡುತ್ತಿತ್ತು. "ನೋಡಮ್ಮಿ, ಸಿದ್ದಮಲ್ಲಪ್ಪ. ಮೂಗು ಅಂಗೇ ಬಂದದ" ಎಂದು ಒಂದು ಕೊಂಬನ್ನು ಪಕ್ಕಕ್ಕಿಡುವಳು. ನೋಡಿದವರಿಗೆ ಆಮೇಲೆ ಅದು ತಮ್ಮೂರಿನ ಸಿದ್ದಮಲ್ಲಪ್ಪನಲ್ಲದೆ ಬೇರೇನೂ ಆಗಿ ಕಾಣುತ್ತಿರಲಿಲ್ಲ. ಸ್ವತಃ ಸಿದ್ದಮಲ್ಲಪ್ಪನೇ ಒಮ್ಮೆ ಅದನ್ನು ಕೇಳಿ ಇಸಿದುಕೊಂಡು ಹೋಗಿ, ಯಾರೂ ಬೇಯಿಸಬಾರದೆಂದು ಮನೆಯ ಗೂಡಿನಲ್ಲಿಟ್ಟಿದ್ದ. ಚೆಂಡುಹೂವಿನ ಹೊಲದಲ್ಲಿ ಮಣ್ಣಿಗೆ ಅಂಟಿಕೊಂಡು ಕೂತ ಮೊಲವನ್ನು ಎಲ್ಲರಿಗಿಂತ ಮೊದಲು ಕಂಡವಳೂ ಆಕೆಯೇ; ಹಾಗೆಯೇ ಮೊಲವಲ್ಲದ ಮಣ್ಣಿನ ಹೆಂಟೆಗಳನ್ನು ಅಟ್ಟಿಸಿಕೊಂಡು ಹೋಗಿ ಬಂದವಳೂ ಆಕೆಯೇ. ಎರಡಕ್ಕೂ ಒಂದೇ ಸಮ ಸಂತೋಷಪಡುತ್ತಿದ್ದಳು.

ಈ ಕಣ್ಣಿಗೆ ಮನೆಯಲ್ಲಿ ಒಂದು ಕೆಲಸವೂ ಇತ್ತು. ಯುಗಾದಿಯ ದಿನ ಊರಿನಲ್ಲಿ ಹೊನ್ನಾರು ಕಟ್ಟುತ್ತಾರೆ: ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ವರ್ಷದ ಮೊದಲ ಸಾಲು ಉಳುತ್ತಾರೆ. ದೊಡ್ಡಮಾದಮ್ಮನ ಮನೆಯಲ್ಲಿ ಮಾತ್ರ, ಕೊಟ್ಟಿಗೆಯ ಎತ್ತು ಹೊರಡುವ ಮೊದಲು ಹೊಲದ ತಿರುವಿನ ಬಂಡೆಯ ಮೇಲೆ ಒಂದು ಎತ್ತು ಮೂಡಬೇಕು. ಅದನ್ನು ಆ ಮನೆಯ ಸೊಸೆ ಬರೆಯಬೇಕು, ಹರಳೆಣ್ಣೆಯಲ್ಲಿ ಕಲಸಿದ ಕೆಮ್ಮಣ್ಣಿನಲ್ಲಿ. ಹಳೆಯ ಗೆರೆಯ ಮೇಲೆ ಮತ್ತೆ ಗೆರೆ ಎಳೆಯುವಂತಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹುಣಸೆಹುಳಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ಬಂಡೆಯನ್ನು ಬರಿದು ಮಾಡುತ್ತಾರೆ. ಆಮೇಲೆ ಸಂಜೆ ಹೊತ್ತು ಅದರ ಎದುರು ಹೋಗಿ ಕೂರಬೇಕು. ಬರೀ ಕಲ್ಲಿನಲ್ಲಿ ಎತ್ತು ಬರಬೇಕು. ಬಂದ ಮೇಲೆಯೇ ಬೆರಳಿಗೆ ಬಣ್ಣ.

ಉಮ್ಮತ್ತೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ದೊಡ್ಡಮಾದಮ್ಮನಿಗೂ ಏನೂ ಬಂದಿರಲಿಲ್ಲ. ಅತ್ತೆ ಪುಟ್ಟಸಿದ್ದಮ್ಮ ಪಕ್ಕದಲ್ಲಿ ಕೂತು ಎಲೆಯಡಿಕೆ ಅಗಿಯುತ್ತ, "ಕಲ್ಲ ನೋಡ್ಬೇಡ ಕಣಮ್ಮಿ, ಸುಮ್ನೆ ಕಲ್ ಕಡೆ ನೋಡು" ಎನ್ನುತ್ತಿದ್ದಳು. ಇದೆಂಥ ಒಗಟು ಎಂದು ಹೊಸ ಸೊಸೆಗೆ ಸಿಟ್ಟು ಬರುತ್ತಿತ್ತು. ಕೊನೆಗೊಂದು ಸಂಜೆ ತವರಿನ ನೆನಪಾಗಿ, ಅಲ್ಲಿ ಬಿಟ್ಟುಬಂದ ಕರಿಕಿವಿಯ ಎತ್ತನ್ನು ನೆನೆದು ಕಣ್ಣು ತುಂಬಿಕೊಂಡಿತು. ತುಂಬಿದ ಕಣ್ಣಿನಲ್ಲೇ ತಲೆಯೆತ್ತಿದರೆ ಬಂಡೆಯ ಉಬ್ಬಿನಲ್ಲಿ ಹೊಟ್ಟೆ, ಮೇಲಿನ ಬಿರುಕಿನಲ್ಲಿ ಬೆನ್ನು, ಗಂಗೆದೊಗಲು ಜೋಲುತ್ತ ಎತ್ತು ನಿಂತಿತ್ತು. ಅಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ.

ಇದೆಲ್ಲ ಸರಿಯಾಗಿಯೇ ಇತ್ತು, ಕಣ್ಣಿಗೆ ಪೊರೆ ಬರುವ ತನಕ.

ಮೊದಮೊದಲು ತಮಾಷೆಯಾಗಿತ್ತು. ಪಕ್ಕದ ಮನೆಯವರ ಹುಲ್ಲಿನ ಮೆದೆಯನ್ನು ಓರಗಿತ್ತಿ ಮೂಗಮ್ಮನೆಂದು ತಿಳಿದು, ಅದರ ಹತ್ತಿರ ಒಂದು ಹಿಡಿ ಹಸಿಮೆಣಸಿನಕಾಯಿ ಕೇಳಿದ್ದಳು. "ಅದು ಬಾಯಿ ಬಿಡ್ನಿಲ್ಲ. ಆಗ್ಲೇ ಅನ್ಕಂಡೆ ಮೂಗಿ ಅಲ್ಲ ಅಂತ" ಎಂದು ತಾನೇ ಹೇಳಿಕೊಂಡು ನಕ್ಕಳು. ಆಮೇಲೆ ಅರಿಶಿನ ಬೇಯುವ ಕೊಪ್ಪರಿಗೆಯ ಅಂಚನ್ನು ನೆಲವೆಂದು ಕೈಯೂರಿ ಅಂಗೈ ಬೊಬ್ಬೆ ಎದ್ದಾಗ ಯಾರೂ ನಗಲಿಲ್ಲ. ಮಗ ಗುರುಸ್ವಾಮಿ ಅಂದೇ ಸಂಜೆ ಗುಂಡ್ಲುಪೇಟೆಗೆ ಬಂದು, "ನಮ್ಮವ್ವನ ಕಣ್ಗೆ ಏನಾರ ಮಾಡ್ಲಾ, ನೀನೇ ತಾನೆ ಡಾಕ್ಟ್ರು" ಎಂದ. ಅವನ ಮುಖದಲ್ಲಿ ಗೇಲಿ ಇರಲಿಲ್ಲ. ಅದೇ ರಂಗರಾಜುವಿಗೆ ಕಷ್ಟವಾಯಿತು.

ಅವನಿಂದಾದದ್ದು ಒಂದೇ, ಉಚಿತ ಕಣ್ಣಿನ ಶಿಬಿರಕ್ಕೆ ಆಕೆಯನ್ನು ಕರೆದುಕೊಂಡು ಬರುವುದು. ಓದು ಬಾರದವರಿಗೆಂದು ಅಲ್ಲಿ ಮೂರು ಹಲ್ಲಿನ ಒಂದೇ ಗುರುತನ್ನು ಅತ್ತ ಇತ್ತ ತಿರುಗಿಸಿ ಬರೆದ ಹಲಗೆ ಇರುತ್ತದೆ. ಹಲ್ಲು ಯಾವ ಕಡೆ ತಿರುಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಕಡ್ಡಿ ಹಿಡಿದು ನಿಂತವನು ರಂಗರಾಜು. ದೊಡ್ಡಮಾದಮ್ಮ ಎಲ್ಲಕ್ಕಿಂತ ದೊಡ್ಡ ಗುರುತನ್ನು ದಿಟ್ಟಿಸಿ, "ಮೇಲ್ಕೆದ್ದದ್ದು ನಾಮ" ಎಂದಳು. ಮುಂದಿನದಕ್ಕೆ "ಕೆಳಕ್ಕಿರದು ಕುಂಟೆ." ಅದರ ಮುಂದಿನದಕ್ಕೆ "ಬಾಚಣಿಗೆ. ಯಾರ್ದೋ ಹಲ್ ಮುರ್ದೋಗದ."

ಡಾಕ್ಟರಮ್ಮನೂ ನಕ್ಕರು. ಆದರೆ ಟಾರ್ಚು ಬಿಟ್ಟು ನೋಡಿದ ಮೇಲೆ ನಗು ನಿಲ್ಲಿಸಿ, "ಬಲಗಣ್ಣಿನ ಪೊರೆ ಪೂರ್ತಿ ಬಲಿತುಬಿಟ್ಟಿದೆ. ಈ ಬೇಸಿಗೆ ದಾಟಿಸಬೇಡಿ, ಒಳಗೇ ತೊಂದರೆಯಾದರೆ ಕಣ್ಣೇ ಹೋಗುತ್ತೆ. ಯುಗಾದಿಗೆ ಒಂದು ವಾರ ಮೊದಲು ಮೈಸೂರಿಗೆ ವ್ಯಾನು ಹೋಗುತ್ತೆ. ಈ ಸಲಕ್ಕೆ ಅದೇ ಕೊನೆ" ಎಂದರು.

ಬಸ್ಸಿನಲ್ಲಿ ದೊಡ್ಡಮಾದಮ್ಮ ಒಂದೇ ಮಾತು ಹೇಳಿದಳು: "ನಾ ಬರಕಿಲ್ಲ."

ನೋವಿಗೆ ಹೆದರಿದಳೆಂದು ಎಲ್ಲರೂ ತಿಳಿದರು. ಮೂಗಮ್ಮ ಹಿಂದಿನ ವರ್ಷ ಆಪರೇಷನ್ ಮಾಡಿಸಿಕೊಂಡವಳು. ಬಂದು ಧೈರ್ಯ ಹೇಳಿದಳು. "ಏನೂ ನೋಯಕಿಲ್ಲ ಅಕ್ಕ. ಮೊದ್ಲು ನಂಗೆ ಮೂರ್ ಚಂದ್ರ ಇದ್ದೊ, ಈಗ ಒಂದೇಯ. ಒಂದೇ ಒಂದು ಬೇಜಾರು, ನಿನ್ ಮಕ ಇಷ್ಟು ಸುಕ್ಕಾಗದ ಅಂತ ಗೊತ್ತಿರ್ನಿಲ್ಲ."

"ಅದ್ಕೇ ಕಣಾ ನಾ ಒಲ್ಲೆ ಅನ್ನದು" ಎಂದಳು ದೊಡ್ಡಮಾದಮ್ಮ. "ಇರದ್ನೆಲ್ಲ ತೋರ್ಸ್ಬುಡ್ತರ. ಮೊದ್ಲು ಎತ್ತು ಬರಕ್ಕೆ ದಿನಗಟ್ಲೆ ಕಾಯ್ತಿದ್ದೆ. ಈ ಪೊರೆ ಬಂದ್ಮೇಲೆ ಓಗಿ ಕೂತ್ರೆ ಸಾಕು, ಬಾಲ ಆಡಿಸ್ಕಂಡು ಬತ್ತದ. ಪೊರೆ ತಗ್ದು ಬಿಸಾಕುದ್ರೆ ಅದ್ರ ಜೊತೆ ಎತ್ತೂ ಓಗ್ಬುಡ್ತದ. ಅಮ್ಮಿ ಕಣ್ಗೆ ಎತ್ತು ಬರ್ಲಿ, ಆಮೇಲೆ ನನ್ ಕಣ್ಣ ಯಾರ್ ಬೇಕಾದ್ರೂ ಕುಯ್ಲಿ."

ಅಮ್ಮಿ ಎಂದರೆ ಗುರುಸ್ವಾಮಿಯ ಹೆಂಡತಿ ಶಿವರಂಜಿನಿ. ಚಾಮರಾಜನಗರದವಳು, ಪಿಯುಸಿ ಮುಗಿಸಿದವಳು. ಈ ವರ್ಷ ಬಂಡೆ ತಿಕ್ಕಿದ ಮೇಲೆ ಮದುವೆಯಾಗಿ ಬಂದವಳು, ಅದರ ಮೇಲೆ ಬರೆದ ಎತ್ತನ್ನು ಇನ್ನೂ ಕಂಡಿರಲಿಲ್ಲ. ಕಣ್ಣು ಎಷ್ಟು ಚುರುಕೆಂದರೆ ಸಂಜೆಗತ್ತಲಲ್ಲೂ ಸೂಜಿಗೆ ದಾರ ಪೋಣಿಸುವಳು. ಅತ್ತೆಯ ಜೊತೆ ಎಷ್ಟೋ ಸಂಜೆ ಬಂಡೆಯ ಎದುರು ಕೂತಿದ್ದಳು. "ಏನ್ ಕಾಣ್ತದಮ್ಮಿ?" ಎಂದರೆ, "ಬಿರುಕದೆ ಅತ್ತೆ. ಕಲ್ಲುಹೂವದೆ. ಇರುವೆ ಸಾಲ್ನಲ್ಲಿ ಒಂದು ಇರುವೆ ಸಕ್ಕರೆ ಹೊತ್ಕಂಡು ಹೋಗ್ತಾದೆ" ಎನ್ನುವಳು. ಸುಳ್ಳು ಹೇಳಿ ಪಾರಾಗುವ ಹುಡುಗಿಯಲ್ಲ. ಅದೇ ತೊಂದರೆ.

ಹೀಗೆ ಒಂದು ಮನೆಯಲ್ಲಿ ಒಬ್ಬಳಿಗೆ ಕಣ್ಣು ಕಾಣದೆ ಎತ್ತು ಕಾಣುತ್ತಿತ್ತು, ಇನ್ನೊಬ್ಬಳಿಗೆ ಎಲ್ಲವೂ ಕಂಡು ಎತ್ತೊಂದೇ ಕಾಣುತ್ತಿರಲಿಲ್ಲ. ನಡುವೆ ನಿಂತ ಕಣ್ಣಿನ ಡಾಕ್ಟರಿಗೆ ಕನ್ನಡಕ ಹಾಕಿಕೊಂಡೂ ದಾರಿ ಕಾಣುತ್ತಿರಲಿಲ್ಲ.

ಅವನು ಮೊದಲು ಮಾಡಿದ್ದು ಮೋಸ. ಮಧ್ಯಾಹ್ನ ಯಾರೂ ಇಲ್ಲದಾಗ ಸೀಮೆಸುಣ್ಣ ತಂದು ಬಂಡೆಯ ಮೇಲೆ ತೆಳ್ಳಗೆ ಒಂದು ಎತ್ತು ಬರೆದಿಟ್ಟ. ಅತ್ತಿಗೆಗೆ ಅದೇ ಆಧಾರವಾಗಲಿ ಎಂದು. ಎತ್ತಿಗೆ ಎಷ್ಟು ಕಾಲು, ಎಷ್ಟು ಕೊಂಬು ಎಂಬುದು ಅವನಿಗೆ ಗೊತ್ತಿತ್ತು; ಅಷ್ಟೇ ಗೊತ್ತಿತ್ತು. ಸಂಜೆ ಶಿವರಂಜಿನಿ ನೋಡಿ, "ಅತ್ತೆ, ಇಲ್ಯಾರೋ ಕತ್ತೆ ಬರ್ದವ್ರೆ" ಎಂದಳು.

"ಕೊಂಬವಾ?" ಎಂದು ಕೇಳಿದಳು ದೊಡ್ಡಮಾದಮ್ಮ.

"ಅವೆ."

"ಅಂಗಾದ್ರೆ ನಮ್ ರಂಗುಂದೇ ಕೆಲ್ಸ. ತೊಳ್ದಾಕು."

ಅದೇ ವಾರ ಮೈಸೂರಿನಿಂದ ಅಂಗಡಿಗೆ ಫ್ರೇಮುಗಳ ಪೆಟ್ಟಿಗೆ ಬಂತು. ಫ್ರೇಮುಗಳಿಗೆ ಸುತ್ತಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲಿ ಒಂದು ಕಾಡುಕೋಣದ ಚಿತ್ರವಿತ್ತು. ಸ್ಪೇನು, ಫ್ರಾನ್ಸು ದೇಶಗಳ ಗುಹೆಗಳಲ್ಲಿ ಹತ್ತಾರು ಸಾವಿರ ವರ್ಷದ ಹಿಂದಿನವರು ಬರೆದದ್ದಂತೆ. ಕಲ್ಲು ಎಲ್ಲಿ ಉಬ್ಬಿದೆಯೋ ಅಲ್ಲಿ ಕೋಣದ ಹೊಟ್ಟೆ, ಎಲ್ಲಿ ಬಿರಿದಿದೆಯೋ ಅಲ್ಲಿ ಬೆನ್ನಿನ ಗೆರೆ. ದೀಪದ ಮಿಣುಕು ಬೆಳಕಿನಲ್ಲಿ ಅವರಿಗೆ ಮೃಗ ಮೊದಲೇ ಕಲ್ಲಿನಲ್ಲಿ ಕಂಡಿರಬೇಕು, ಕೈ ಬರೀ ಬಾಕಿ ಉಳಿದದ್ದನ್ನು ತುಂಬಿತು ಎಂದು ಕೆಲವು ಪಂಡಿತರ ಊಹೆ. ಬೇಟೆಗೆ ಕಾದು ಕೂತವರ ಕಣ್ಣು ಚೂರು ಪಾರು ಸಿಕ್ಕರೂ ಸಾಕು, ಇಡೀ ಮೃಗವನ್ನೇ ಕಟ್ಟಿಬಿಡುತ್ತದೆ. ಏಕೆಂದರೆ, ಎಂದು ಬರೆದಿದ್ದ ಕಡೆ ಹಾಳೆ ಹರಿದಿತ್ತು. ಉಳಿದರ್ಧ ಇನ್ನಾವ ಊರಿನ ಯಾವ ಕನ್ನಡಕಕ್ಕೆ ಸುತ್ತಿಕೊಂಡು ಹೋಯಿತೋ.

ಏಕೆಂದರೆ ಏನು ಎಂಬುದು ರಂಗರಾಜುವಿನ ತಲೆಯನ್ನು ಕೊರೆಯಿತು. ಆಮೇಲೆ ನೆನಪಾಯಿತು: ಆ ಉತ್ತರವನ್ನು ದೊಡ್ಡವ್ವ ಅವನ ಆನೆಯ ದಿನವೇ ಕೊಟ್ಟಿದ್ದಳು. ಕಲ್ಲನ್ನು ಆನೆ ಎಂದುಕೊಂಡು ಓಡಿದವರು ಉಳಿದುಕೊಂಡರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳೇ ನಾವು. ಹಾಗೆ ನೋಡಿದರೆ ತಾನು ಟಿವಿಎಸ್ ಬಿಟ್ಟು ಓಡಿದ್ದು ಹೇಡಿತನವಲ್ಲ, ಮನುಷ್ಯಕುಲದ ಸಂಪ್ರದಾಯ. ಇದನ್ನು ಊರಿನಲ್ಲಿ ಹೇಳಿದರೆ ಇನ್ನೊಂದು ಅಡ್ಡಹೆಸರು ಬೀಳುತ್ತದೆಂದು ಸುಮ್ಮನಾದ.

ವ್ಯಾನು ಹೊರಡಲು ಎರಡು ದಿನವಿತ್ತು. ವಾರದ ರಜೆಯ ಸಂಜೆ ಅವನೂ ಅತ್ತೆ ಸೊಸೆಯರ ಜೊತೆ ಬಂಡೆಯ ಎದುರು ಕೂತ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅವನಿಗೂ ಬಿರುಕು, ಕಲ್ಲುಹೂವು, ಇರುವೆಗಳೇ ಕಂಡವು. ಸೆಕೆಗೆ ಬೆವರಿಳಿದು ಕನ್ನಡಕ ಮಸುಕಾಯಿತು. ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಸುಮ್ಮನೆ ತಲೆಯೆತ್ತಿದ.

ಬೆನ್ನು ಮೊದಲು ಬಂತು. ಆಮೇಲೆ ಹೊಟ್ಟೆ. ಕನ್ನಡಕ ಹಾಕಿದ, ಕಲ್ಲು. ತೆಗೆದ, ಎತ್ತು. ಮತ್ತೆ ಹಾಕಿದ. ಕಲ್ಲುಹೂವಿನ ಚುಕ್ಕೆಗಳು, ಗೀರುಗಳು, ಇರುವೆಗಳೆಲ್ಲ ಒಟ್ಟಿಗೆ ಗದ್ದಲ ಮಾಡುತ್ತ ಎದುರಿಗೆ ಬಂದವು. ತೆಗೆದರೆ ಗದ್ದಲ ಅಡಗಿ ದೊಡ್ಡ ಆಕಾರವೊಂದೇ ಉಳಿಯುತ್ತಿತ್ತು. ಹೊಸ ಸೊಸೆಯಾಗಿದ್ದ ದೊಡ್ಡವ್ವನ ತುಂಬಿದ ಕಣ್ಣಿಗೆ ಆದದ್ದು ಇದೇ, ಪೊರೆ ಮಾಡುತ್ತಿರುವುದೂ ಇದೇ. ತುಂತುರು ಮಳೆಯಲ್ಲಿ ತನಗೆ ಆದದ್ದೂ ಇದೇ. ಅಂದು ಓಡುವ ಬದಲು ಒಂದು ಗಳಿಗೆ ನಿಂತಿದ್ದರೆ ಅಂದೇ ಗೊತ್ತಾಗುತ್ತಿತ್ತು.

"ಏನ್ಲಾ ಕನ್ನಡಕದ ಜೊತೆ ಆಟ ಆಡ್ತಿದ್ದೀ?" ಎಂದಳು ದೊಡ್ಡಮಾದಮ್ಮ.

"ನಾಳೆ ಹೇಳ್ತೀನಿ ದೊಡ್ಡವ್ವ" ಎಂದ. ಹೇಳಿ ತಪ್ಪಾದರೆ ಎಂಬ ಭಯ.

ಮರುದಿನ ಅಂಗಡಿಯ ಯಜಮಾನರಾದ ನೀಲಕಂಠಸ್ವಾಮಿಯವರನ್ನು, ವಯಸ್ಸಾದವರು ಓದಲು ಹಾಕಿಕೊಳ್ಳುವ ಒಂದು ದಪ್ಪ ಕನ್ನಡಕ ಬೇಕೆಂದು ಕೇಳಿದ. ಅದರಲ್ಲಿ ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು.

"ಯಾರಿಗಪ್ಪ?"

"ಅತ್ತಿಗೆಗೆ."

"ಆ ಹುಡುಗಿ ಕಣ್ಣು ಚೆನ್ನಾಗೇ ಇದೆಯಲ್ಲೋ?"

"ಅದನ್ನೇ ಸ್ವಲ್ಪ ಕೆಡಿಸಬೇಕಾಗಿತ್ತು."

ನೀಲಕಂಠಸ್ವಾಮಿ ಅವನನ್ನೇ ನೋಡುತ್ತ ಒಂದು ಕನ್ನಡಕ ತೆಗೆದುಕೊಟ್ಟರು. ಇಷ್ಟು ವರ್ಷದ ವ್ಯಾಪಾರದಲ್ಲಿ ಹೀಗೆ ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ.

ಸಂಜೆ ಶಿವರಂಜಿನಿ ಕನ್ನಡಕ ಹಾಕಿಕೊಂಡು ಬಂಡೆಯಿಂದ ದೂರ ಕೂತಳು. "ಎಲ್ಲಾ ಕಲಸೋದಂಗದೆ" ಎಂದು ಗೊಣಗಿದಳು. ಆಮೇಲೆ ಗೊಣಗುವುದನ್ನು ನಿಲ್ಲಿಸಿದಳು. ಬಿಸಿಲು ಓರೆಯಾಯಿತು. ಅವಳ ಕೈ ತಾನಾಗಿ ಎದ್ದು ಗಾಳಿಯಲ್ಲಿ ಒಂದು ಬೆನ್ನಿನ ಗೆರೆ ಎಳೆಯಿತು.

"ಅತ್ತೆ, ಬಂತು."

ದೊಡ್ಡಮಾದಮ್ಮ ನಂಬಲಿಲ್ಲ. ಒಲಿಸಿಕೊಳ್ಳಲು ಹೇಳುತ್ತಿರಬಹುದು. "ಒಟ್ಟೆ ಎಲ್ಲದಮ್ಮಿ?"

"ಕೆಳಗೆ, ಉಬ್ಬಿರೋ ಕಡೆ."

"ಕಾಲೆಷ್ಟು?"

ಶಿವರಂಜಿನಿ ತಡಮಾಡಿದಳು. ತಪ್ಪು ಹೇಳಿದರೆ ಅತ್ತೆಯ ಕಣ್ಣೇ ಹೋಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. "ನಾಕಿಲ್ಲ ಅತ್ತೆ. ಎಷ್ಟು ನೋಡಿದ್ರೂ ಮೂರೇ ಕಾಣ್ತವೆ."

ದೊಡ್ಡಮಾದಮ್ಮ ಸೊಸೆಯ ಕೈ ಹಿಡಿದುಕೊಂಡಳು. "ಮೂರೇಯ ಕಣಮ್ಮಿ. ನಾಕ್ನೇದ ನಾವು ಬರ್ಕೊಡಬೇಕು. ಬರೆದ್ಮೇಲೆ ನೋಡ್ದೋರಿಗೆ ನಾಕೇ ಕಾಣದು. ಬರೀ ಕಲ್ಲ ನೋಡ್ದೋರಿಗೆ ಮಾತ್ರ ಗೊತ್ತು." ರಂಗರಾಜುವಿನ ಕಡೆ ತಿರುಗಿದಳು. "ಯಾವಾಗ್ಲಾ ವ್ಯಾನು?"

ತಲೆ ಯಾವ ಕಡೆ ಎಂದು ಕೇಳಬೇಕೆಂದು ಅಂದು ಯಾರಿಗೂ ಹೊಳೆಯಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಯುಗಾದಿಯ ಬೆಳಿಗ್ಗೆ ದೊಡ್ಡಮಾದಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಬಗ್ಗಬಾರದು, ಹೊಗೆಗೆ ಹೋಗಬಾರದು ಎಂಬ ಅಪ್ಪಣೆಗಳನ್ನು ಹೊತ್ತುಕೊಂಡು, ಬದುವಿನ ಮೇಲೆ ಹಾಕಿದ ಕುರ್ಚಿಯಲ್ಲಿ ಮಹಾರಾಣಿಯಂತೆ ಕೂತಳು. ಶಿವರಂಜಿನಿ ದೂರದಿಂದ ದಪ್ಪ ಕನ್ನಡಕದಲ್ಲಿ ನೋಡಿ, ಓಡಿಬಂದು ಒಂದು ಗೆರೆ ಎಳೆದು, ಮತ್ತೆ ಓಡಿಹೋಗಿ ನೋಡಿ ಬರೆಯುತ್ತಿದ್ದಳು. ದೂರದಿಂದ ಎತ್ತು ಕಾಣುವ ಅದೇ ಕನ್ನಡಕದಲ್ಲಿ ಹತ್ತಿರ ಬಂದರೆ ಬರೀ ಕಲ್ಲು. ಬಿಸಿಲೇರುವಷ್ಟರಲ್ಲಿ ಕೆಮ್ಮಣ್ಣಿನ ಎತ್ತು ಮುಗಿಯಿತು. ಊರಿನ ಕಡೆ ತಮಟೆ ಶುರುವಾಗಿತ್ತು.

ದೊಡ್ಡಮಾದಮ್ಮ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಹೊಸ ಕಣ್ಣಿನಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ನಮ್ ಎತ್ತಲ್ಲ" ಎಂದಳು. "ನಮ್ಮದು ಊರ್ ಕಡೆ ಮಕ ಮಾಡಿರ್ತದ. ಇದು ಬೆಟ್ಟದ್ ಕಡೆ ಓಯ್ತಾ ಅದಲ್ಲ."

ಶಿವರಂಜಿನಿಯ ಮುಖ ಇಳಿದುಹೋಯಿತು. ಗುರುಸ್ವಾಮಿ ಹೊನ್ನಾರಿಗೆ ಸಿಂಗರಿಸಿದ ಜೋಡಿಯನ್ನು ಹಿಡಿದು ನಿಂತೇ ಇದ್ದ. ರಂಗರಾಜುವಿಗೆ ತಾನು ತಂದ ಕನ್ನಡಕವೇ ಎತ್ತನ್ನು ತಿರುಗಿಸಿಬಿಟ್ಟಿತೇನೋ ಎನಿಸಿತು.

"ಅದ ಇತ್ತ ಕೊಡಮ್ಮಿ" ಎಂದು ದೊಡ್ಡಮಾದಮ್ಮ ಸೊಸೆಯ ಕನ್ನಡಕ ಇಸಿದುಕೊಂಡು ಏರಿಸಿಕೊಂಡಳು. ಹೊಸದಾಗಿ ಬಂದ ಬೆಳಕನ್ನೆಲ್ಲ ಬೇಕೆಂದೇ ಮಸುಕು ಮಾಡಿಕೊಂಡು ಕೂತಳು. ತಮಟೆ ಹತ್ತಿರವಾಯಿತು. ಆಮೇಲೆ ಭುಜ ಅಲುಗಿದವು, ನಗುತ್ತಿದ್ದಳು.

"ಎರಡೂ ಅವ ಕಣಮ್ಮಿ. ನಿಂದೂ ಅದ, ನಂದೂ ಅದ. ಒಟ್ಟೆ ಒಂದೇಯ, ಕಾಲು ಅವೇಯ. ನಂದಕ್ಕೆ ಬಾಲ ಇರ ಕಡೆ ನಿಂದಕ್ಕೆ ತಲೆ. ಇಷ್ಟು ವರ್ಸ ಒಂಟೆತ್ತ ಬರ್ದು ಹೊನ್ನಾರು ಕಟ್ಟುಸ್ದೆನಲ್ಲ ನಾನು. ಓಗು, ಇತ್ಲಾಗೊಂದು ತಲೆ ಇಡು. ಕೊಂಬ ನಾ ಹೇಳ್ತಿನಿ, ಅಂಗೇ ಎಳೆ."

"ಅವ್ವ, ಒಂದು ಬೆಟ್ಟಕ್ಕೆ ಎಳುದ್ರೆ ಒಂದು ಊರಿಗೆ ಎಳೀತದ" ಎಂದ ಗುರುಸ್ವಾಮಿ. "ನೇಗಿಲು ಎತ್ಲಾಗ್ ಓಯ್ತದ?"

"ನಮ್ಮನೆ ಬೇಸಾಯ ಯಾವತ್ಲಾ ನೆಟ್ಟಗೆ ಓಗಿತ್ತು" ಎಂದಳು ದೊಡ್ಡಮಾದಮ್ಮ, ಕನ್ನಡಕ ತೆಗೆಯದೆ. "ಎಡಗಣ್ಣಿನ ವ್ಯಾನು ಯಾವಾಗ ಅಂತ ಕೇಳ್ಕಂಡು ಬಾ ಕಣ್ಲಾ ರಂಗ. ಇದು ಮಾತ್ರ ನನ್ ತಾವೇ ಇರ್ಲಿ."

ಎರಡನೆಯ ತಲೆ ಮೂಡುತ್ತಿದ್ದಾಗ ರಂಗರಾಜು ಯಾರಿಗೂ ಕಾಣದಂತೆ ಪಕ್ಕಕ್ಕೆ ಸರಿದು ತನ್ನ ಕನ್ನಡಕ ತೆಗೆದ. ಕೆಮ್ಮಣ್ಣಿನ ಗೆರೆಗಳೆಲ್ಲ ಕಲಸಿ ಕರಗಿಹೋದವು. ಅವುಗಳ ಹಿಂದೆ ಇಡೀ ಬಂಡೆ ನಿಧಾನವಾಗಿ ಬೆನ್ನೆತ್ತಿತು. ಲಂಟಾನ ಪೊದೆ ಗಾಳಿಗೆ ಅಲ್ಲಾಡಿತು. ಆನೆ ಅಲ್ಲೇ ಇತ್ತು, ಕಿವಿ ಆಡಿಸುತ್ತ.

ಈ ಸಲ ಅವನು ಓಡಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಮಾತ್ರ ಸರಿದು ನಿಂತ.